ಹಳ್ಳಕ್ಕಿಂತ ಮುಂದ ಓಡಿದ ಬಾಳವ್ವ

ಕೂಡ್ರಿ, ಹೇಳತೀನಿ. ನಮ್ಮಜ್ಜಿಗೆ ಅವರಜ್ಜಿ ಹೇಳಿದ್ದಿದು. ಭಾಳ ಹಿಂದ, ಈ ಹಳ್ಳದ ದಂಡಿ ಮ್ಯಾಲ ನೀಲಗಾರರ ಊರೊಂದಿತ್ತಂತ. ಅಂಗಳ ಅಂಗಳದಾಗ ಆಳೆತ್ತರದ ಮಣ್ಣಿನ ಹರವಿ, ಹರವಿ ತುಂಬ ನೀಲಿ. ನೂಲು ಅದ್ದೂದು, ಹಿಂಡೂದು, ಹಳಸಿದ ಬಣ್ಣ ಹಳ್ಳಕ್ಕ ಚೆಲ್ಲೂದು. ಅವರೊಳಗ ಬಾಳವ್ವ ಅಂತ ಒಬ್ಬ ಮುದುಕಿ. ಆಕಿ ಅದ್ದಿದ ನೂಲಿನ ಸೀರಿ ಹರಿದು ಚಿಂದಿ ಆದರೂ ಬಣ್ಣ ಬಿಡತಿರಲಿಲ್ಲ ಅಂತಾರ.

ಒಮ್ಮೆ ಸರ್ಕಾರದ ಡಂಗುರ ಬಂತು. ಹಳ್ಳಕ್ಕ ಬಣ್ಣದ ನೀರು ಬಿಡಬಾರದು, ಬಿಟ್ಟರ ಹರವಿ ಒಡೀತೀವಿ ಅಂತ. ಊರವರು ಡಂಗುರದವನಿಗೆ ಕಲ್ಲು ಬೀಸಿ ಓಡಿಸಿದರು. ಬಾಳವ್ವನೂ ಬೀಸಿದಳಂತ.

ಆಮ್ಯಾಲ ಆಕಿ ಮಗಳನ್ನ ನೋಡಾಕ ಹಳ್ಳದ ಕೆಳಗಿನ ಊರಿಗೆ ಹೋದಳು. ಅಲ್ಲಿ ಹೆಂಗಸರು ಉಸುಕು ತೋಡಿ ನೀರು ತುಂಬತಿದ್ದರು. ತೋಡಿದಷ್ಟೂ ನೀಲಿ. ಮಗಳು ತಂಬಿಗಿ ಕೈಗೆ ಕೊಟ್ಟು, "ಯವ್ವಾ, ನಿಮ್ಮೂರಿನ ನೀರು ಐತಿ, ಕುಡಿ" ಅಂದಳಂತ. ಬಾಳವ್ವ ಕುಡದಳು.

ತಿರುಗಿ ಬಂದಾಕಿ ಹಳಸಿದ ಬಣ್ಣ ಕೊಡಕ್ಕ ತುಂಬಿ ಊರಾಚೆ ಬಂಜರು ದಿನ್ನಿಗೆ ಹೊತ್ತಳು. ದಿನಾ ಹೊತ್ತಳು. ಆಕಿ ನಡೆದ ದಾರಿ ನೀಲಿ ಆತು, ನರತ ಕೂದಲೂ ನೀಲಿ ಆದವು ಅಂತಾರ. ಮೊದಲು ಜನ ನಕ್ಕರು. ಆಮ್ಯಾಲ ಒಬ್ಬೊಬ್ಬರ ತಾವೂ ಕೊಡ ಎತ್ತಿದರು. ಹಳ್ಳ ತಿಳಿ ಆಗಾಕ ಹತ್ತಿತು.

ಅಷ್ಟರಾಗ ಅಮಲ್ದಾರ ಸಿಪಾಯಿಗಳನ್ನ ಕರಕೊಂಡು ಬಂದ. ಬಾಳವ್ವ ಅವನ ಕುದುರಿಗೆ ಅಡ್ಡ ನಿಂತು, "ಒಮ್ಮೆ ಹಳ್ಳ ನೋಡ್ರಿ ಸಾಹೇಬರ, ಆಮ್ಯಾಲ ಒಡೀರಿ" ಅಂದಳಂತ. ಅವನು ಹಳ್ಳದ ಕಡೆ ತಿರುಗಲಿಲ್ಲ. ಕಲ್ಲು ಬೀಸಿದ ಊರಿದು ಅಂತಷ್ಟ ಅವನಿಗೆ ಗೊತ್ತಿತ್ತು. ಎಲ್ಲಾ ಹರವಿ ಒಡಿಸಿದ. ಇದ್ದ ನೀಲಿ ಎಲ್ಲಾ ಒಮ್ಮೆಲೆ ಹಳ್ಳಕ್ಕ ಹರೀತು.

ಮಂದಿ ಒಡದ ಹರವಿ ಚೂರು ನೋಡಿ ಅಳತಿದ್ದರು. ಬಾಳವ್ವ ಮಾತ್ರ ಹಳ್ಳದ ಗುಂಟ ಓಡಿದಳು. ಆ ವಯಸ್ಸಿನಾಗ, ಕಲ್ಲು ಮುಳ್ಳು ನೋಡದ, ಬಣ್ಣಕ್ಕಿಂತ ಮುಂದ ಓಡಿದಳು ಅಂತಾರ. "ನೀರು ತುಂಬಬ್ಯಾಡ್ರವ್ವಾ! ದನಾ ಬಿಡಬ್ಯಾಡ್ರವ್ವಾ!" ಕೂಗಿಕೋತ ಕೂಗಿಕೋತ ಮಗಳ ಊರು ಮುಟ್ಟಿದಳು. ಹೆಂಗಸರು ಕೊಡ ಬಿಟ್ಟು ಮ್ಯಾಲೆದ್ದರು. ಬಾಳವ್ವ ಉಸುಕಿನಾಗ ಕುಸಿದಳು. ಮಗಳು ಬಂದು ತೊಡಿ ಮ್ಯಾಲ ತಲಿ ಇಟ್ಟುಕೊಂಡಾಗ ಉಸಿರು ಇರಲಿಲ್ಲಂತ.

ಹರವಿ ಹೋದ ಮ್ಯಾಲ ನೀಲಗಾರರು ಗಂಟು ಕಟ್ಟಿಕೊಂಡು ಹೋದರು. ಎಲ್ಲಿಗೆ ಹೋದರು, ಯಾರೂ ಹೇಳೂದಿಲ್ಲ.

ಈಗ ಊರೂರಿಗೆ ನಳ ಬಂದಾವ, ಹಳ್ಳದ ನೀರು ತುಂಬವರಿಲ್ಲ. ಆದರೂ ಇಲ್ಲಿ ಅರಿವಿ ಒಗಿಯಾಕ ಬಂದ ಹೆಣ್ಣಮಗಳು ಮೊದಲು ಕೆಳಗಿನ ಕಡೆ ಮುಖ ಮಾಡಿ ಕೂಗತಾಳ: "ನೀರು ತುಂಬಾಕತ್ತೀರೇನ್ರವ್ವಾ?" ಯಾರೂ ಓ ಅನ್ನೂದಿಲ್ಲ. ಆದರೂ ಒಂದಿಷ್ಟು ಹೊತ್ತು ಕಾಯತಾಳ. ಆಮ್ಯಾಲ ಅರಿವಿ ನೀರಿಗಿಳಸತಾಳ.