ಕುಂಟು ಕುದುರೆ ಮತ್ತು ಕ್ಷೌರದ ಕತ್ತಿ

ಚಲುವರಾಯಪ್ಪ ನಲವತ್ತು ವರ್ಷ ಕುದುರೆ-ಕೋವಿ ಸಿನಿಮಾಗಳಲ್ಲಿ ಇದ್ದವರು. ಅಗಲವಾದ ಟೋಪಿ ಹಾಕಿಕೊಂಡು ಧೂಳೆಬ್ಬಿಸುತ್ತ ನಾಯಕ ಬರುತ್ತಾನಲ್ಲ, ಅಂಥ ಸಿನಿಮಾ. ಅವುಗಳಲ್ಲಿ ಅವರು ನಾಯಕನೂ ಅಲ್ಲ, ಕೇಡಿಯೂ ಅಲ್ಲ. ನಾಯಕನಿಗೆ ಗ್ಲಾಸು ತುಂಬಿಕೊಟ್ಟವರು, ಕೇಡಿಗೆ ದಾರಿ ತೋರಿಸಿದವರು, ಇಬ್ಬರಲ್ಲಿ ಸತ್ತವನಿಗೆ ಹೆಣದ ಪೆಟ್ಟಿಗೆ ಹೊಡೆದವರು.

ಮುಪ್ಪಿನಲ್ಲಿ ಬಂಡೆಗಳ ನಡುವಿನ ಹೊಳೆದಂಡೆಯಲ್ಲಿ ಗುಡಿಸಲು ಕಟ್ಟಿಕೊಂಡು, ಹೆಂಡತಿ ಪುಟ್ಟನಂಜಮ್ಮನ ಜೊತೆ ಇದ್ದರು.

ಅಲ್ಲಿಗೆ ನಟನೆ ಕಲಿಯಲು ಪಾಲಾಕ್ಷ ಎಂಬ ಹುಡುಗ ಬಂದ. ಪರದೆಯ ಮೇಲೆ ತನ್ನ ಮುಖ ಕಾಣುವವರೆಗೂ ಊರಿಗೆ ಕಾಲಿಡುವುದಿಲ್ಲ ಎಂದು ಮನೆಯವರ ಮುಂದೆ ಎದೆ ತಟ್ಟಿ ಬಂದಿದ್ದ.

ಗುಡಿಸಲಿನ ಗೋಡೆಯ ಮೇಲೆ ಒಂದು ಫೋಟೋ ಇಲ್ಲ, ಒಂದು ಫಲಕ ಇಲ್ಲ.

"ಗುರುಗಳೇ, ನಿಮಗೆ ಬಹುಮಾನ ಅಂತ ಏನೂ ಬರಲೇ ಇಲ್ವಾ?"

"ಬಂತಲ್ಲ." ಚಲುವರಾಯಪ್ಪ ಹಿತ್ತಲ ಕಡೆ ಗದ್ದ ಎತ್ತಿ ತೋರಿಸಿದರು. ಹುಣಸೆ ಮರದ ಕೆಳಗೆ ಒಂದು ಮುದಿ ಕುದುರೆ ಒಂದು ಕಾಲು ಊರದೆ ನಿಂತಿತ್ತು.

"ಆ ಕುಂಟು ಕುದುರೆನಾ? ಯಾರು ಕೊಟ್ಟಿದ್ದು?"

"ಹೆಸರು ಹೇಳಲಿಲ್ಲ."

ಪಾಲಾಕ್ಷನಿಗೆ ಅವತ್ತೆಲ್ಲ ಅದೇ ಯೋಚನೆ. ಹೆಸರೂ ಹೇಳದೆ ಕುದುರೆ ಕೊಟ್ಟು ಹೋಗುವ ಪುಣ್ಯಾತ್ಮ ಯಾರು? ಪುಟ್ಟನಂಜಮ್ಮನನ್ನು ಕೇಳಿದ.

"ನನ್ನ ಯಾಕೆ ಕೇಳ್ತೀಯಪ್ಪ? ಬಹುಮಾನ ಅವರದು. ಅದರ ಲದ್ದಿ ಬಾಚೋದಷ್ಟೇ ನನ್ನ ಪಾಲು."

ಅದೇ ತಿಂಗಳು ಬಂಡೆಗಳ ಹತ್ತಿರ ಒಂದು ಸಿನಿಮಾ ತಂಡ ಬೀಡುಬಿಟ್ಟಿತು. ಗುರುಗಳ ಮಾತಿನ ಮೇಲೆ ಪಾಲಾಕ್ಷನಿಗೂ ಒಂದು ಪಾತ್ರ ಸಿಕ್ಕಿತು. ನಾಯಕನಿಗೆ ಗಡ್ಡ ಹೆರೆಯುವ ಕ್ಷೌರಿಕ. ಹೆರೆಯುತ್ತಿರುವಾಗ ಕೇಡಿ ಬಾಗಿಲು ಒದ್ದು ಒಳಗೆ ಬರುತ್ತಾನೆ. ಮಾತಿಲ್ಲ.

ಸಿಕ್ಕಿದ್ದೇ ಅಷ್ಟು, ಬಿಡುವುದುಂಟೇ? ಬಾಗಿಲು ಒದ್ದ ಕೂಡಲೇ ಪಾಲಾಕ್ಷ ಗಡಗಡ ನಡುಗಿದ. ಎರಡನೆಯ ಸಲ ಕತ್ತಿ ಕೆಳಗೆ ಹಾಕಿದ. ಮೂರನೆಯ ಸಲ ಕಣ್ಣು ಮೇಲೆ ಮಾಡಿ ಕುರ್ಚಿಯ ಹಿಂದೆ ಕುಸಿದ.

ನಿರ್ದೇಶಕ ತಲೆಯ ಮೇಲಿನ ಟೋಪಿ ತೆಗೆದು ನೆಲಕ್ಕೆ ಬಡಿದ. "ಏನಯ್ಯಾ, ಕೇಡಿ ಬಂದಿರೋದು ನಾಯಕನ್ನ ಕೊಲ್ಲೋಕೋ, ನಿನ್ನ ಮೈಮೇಲಿನ ದೆವ್ವ ಬಿಡಿಸೋಕೋ? ಹೊರಡು!"

ಮೂಲೆಯಲ್ಲಿ ಕುಳಿತಿದ್ದ ಚಲುವರಾಯಪ್ಪ ಎದ್ದರು. "ನಾಳೆ ಬೆಳಗ್ಗೆ ಒಂದು ಸಲ ನೋಡಿ. ಆಗದಿದ್ದರೆ ಆ ಕ್ಷೌರಿಕ ನಾನೇ ಆಗ್ತೀನಿ."

ದಾರಿಯುದ್ದಕ್ಕೂ ಪಾಲಾಕ್ಷ ಬಾಯಿ ಬಡಿದುಕೊಂಡ. "ಹೆದರೋದು ಹೇಗೆ ಗುರುಗಳೇ? ಅದನ್ನಾದರೂ ಹೇಳಿಕೊಡಿ. ನಾಳೆ ತಪ್ಪಿದರೆ ನನಗೆ ಇಲ್ಲೂ ಜಾಗ ಇಲ್ಲ, ಊರಲ್ಲೂ ಇಲ್ಲ."

ಗುರುಗಳು ಹೊಳೆಯ ಕಲ್ಲಿನ ಮೇಲೆ ಕುಳಿತು, ಗುಡಿಸಲಿನ ಸೂರಿನಿಂದ ತಂದಿದ್ದ ಕ್ಷೌರದ ಕತ್ತಿಯನ್ನು ಅವನ ಕೈಗಿಟ್ಟು ಕತ್ತು ಹಿಂದಕ್ಕೆ ಚಾಚಿದರು.

"ಗಡ್ಡ ಬೆಳೆದಿದೆ. ಹೆರಿ."

ಅದು ಸಿನಿಮಾದ ಮರದ ಕತ್ತಿಯಲ್ಲ. ಪಾಲಾಕ್ಷ ನೀರು ಹಚ್ಚಿದ, ಸೋಪು ಹಚ್ಚಿದ, ಉಸಿರು ಬಿಗಿಹಿಡಿದು ಹೆರೆಯತೊಡಗಿದ. ಮುದುಕರ ಚರ್ಮ, ಎಳೆದರೆ ಎಳೆದ ಕಡೆ ಬರುತ್ತದೆ. ಗಂಟಲ ಗಂಟಿನ ಹತ್ತಿರ ಕತ್ತಿ ಬಂದಿತ್ತು.

ಬೆನ್ನ ಹಿಂದೆ ಢಣ್ಣೆಂದಿತು. ಪುಟ್ಟನಂಜಮ್ಮ ತಾಮ್ರದ ಕೊಡವನ್ನು ಮೆಟ್ಟಿಲ ಮೇಲಿಂದ ಉರುಳಿಸಿದ್ದರು. ಕೊಡ ಕಲ್ಲಿನಿಂದ ಕಲ್ಲಿಗೆ ಬಡಿಯುತ್ತ ನೀರಿಗೆ ಬಿತ್ತು.

"ನಿನ್ನ ಕೈ ಏನು ಮಾಡಿತು?" ಗುರುಗಳು ಕಣ್ಣು ತೆರೆಯದೆ ಕೇಳಿದರು.

ಪಾಲಾಕ್ಷ ನೋಡಿಕೊಂಡ. ಕತ್ತಿ ಗಂಟಲಿನಿಂದ ಒಂದು ಗೇಣು ಮೇಲೆ ಇತ್ತು. ಎಡಗೈ ಗುರುಗಳ ಹಣೆಯನ್ನು ಒತ್ತಿ ಹಿಡಿದಿತ್ತು.

"ನಿಂತುಬಿಟ್ಟಿದೆ."

"ನಡುಗಲಿಲ್ವಾ?"

"ನಡುಗೋದು ಹೇಗೆ? ಕೆಳಗೆ ಗಂಟಲಿತ್ತಲ್ಲ!"

"ಇನ್ನೊಂದು ಕೆನ್ನೆ ಉಳೀತು. ಹೆರಿ."

ಪುಟ್ಟನಂಜಮ್ಮ ಸೆರಗು ಸಿಕ್ಕಿಸಿಕೊಂಡು ನೀರಿಗಿಳಿದರು. "ಗಂಡ ಉಳಿದ. ಕೊಡ ನಗ್ಗೋಯ್ತು. ನಿಮ್ಮ ಪಾಠಕ್ಕೆಲ್ಲ ನನ್ನ ಪಾತ್ರೆನೇ ಆಗಬೇಕು."

ಮರುದಿನ ಬಾಗಿಲು ಒದ್ದ ಸದ್ದಾದಾಗ ಪಾಲಾಕ್ಷ ಬಾಗಿಲ ಕಡೆ ನೋಡಲಿಲ್ಲ. ಕತ್ತಿ ಮೇಲೆ ಹೋಯಿತು. ಎಡಗೈ ನಾಯಕನ ಹಣೆ ಹಿಡಿಯಿತು.

ನಿರ್ದೇಶಕ ಅವನ ಕಡೆ ತಿರುಗಿಯೂ ನೋಡದೆ "ಮುಂದಿನದು ತಗೊಳ್ರಪ್ಪಾ" ಎಂದ.

"ಚೆನ್ನಾಗಿತ್ತು ಅಂತ ಒಬ್ಬರೂ ಅನ್ನಲಿಲ್ಲ ಗುರುಗಳೇ."

"ಹೊರಡು ಅಂತಲೂ ಅನ್ನಲಿಲ್ಲವಲ್ಲ."

ಅವತ್ತಿನಿಂದ ಗುರುಗಳ ಗಡ್ಡ ಪಾಲಾಕ್ಷನ ಪಾಲಿಗೆ ಬಂತು. ಎಂಟು ತಿಂಗಳು ದಿನ ಬಿಟ್ಟು ದಿನ ಹೆರೆದ. ಅಷ್ಟರಲ್ಲಿ ಸಿನಿಮಾ ತೆರೆಗೆ ಬಂತು. ಪಾಲಾಕ್ಷ ಹೊಸ ಅಂಗಿ ಹಾಕಿಕೊಂಡು ಊರಿಗೆ ಹೋದ.

ಮೂರನೆಯ ದಿನಕ್ಕೆ ವಾಪಸು ಬಂದ. ಮುಖ ಹಾಗಲಕಾಯಿ ತಿಂದವನ ಹಾಗಿತ್ತು.

"ಮುಖ ಕಾಣಿಸ್ತಾ?" ಗುರುಗಳು ಕೇಳಿದರು.

"ಕಾಣಿಸ್ತು. ಯಾರೂ ನೋಡಲಿಲ್ಲ. ನಮ್ಮಪ್ಪನೇ ಪಕ್ಕದಲ್ಲಿ ಕೂತು 'ನೀನು ಬರೋದು ಯಾವಾಗಲೋ' ಅಂದ. ಅಷ್ಟರಲ್ಲಿ ನಾನು ಬಂದು ಹೋಗಿದ್ದೆ!"

"ಒಬ್ಬರೂ ಗುರುತು ಹಿಡೀಲಿಲ್ವಾ?"

"ಒಬ್ಬಳು ಹಿಡಿದಳು." ಪಾಲಾಕ್ಷನ ದನಿ ಇಳಿಯಿತು. "ಬಸ್ ನಿಲ್ದಾಣದಲ್ಲಿ. ಕಂಕುಳಲ್ಲಿ ಹನ್ನೊಂದು ತಿಂಗಳ ಕೂಸು. 'ನಿಮ್ಮನ್ನ ಎಲ್ಲೋ ನೋಡಿದೀನಿ' ಅಂದಳು. ನಾನು ಕೂದಲು ತೀಡಿಕೊಂಡು ನಿಂತೆ. 'ಕ್ಷೌರ ಮಾಡೋರಲ್ವಾ ನೀವು? ಒಳ್ಳೆ ಕೈ ನಿಮ್ಮದು. ನಮ್ಮೂರ ಕ್ಷೌರದವರಿಗೆ ವಯಸ್ಸಾಗಿ ಕೈ ನಡುಗುತ್ತೆ. ಸೋಮವಾರ ಮಗೂಗೆ ಜವಳ, ಮೊದಲನೇ ಸಲ ಕೂದಲು ತೆಗೆಸೋದು. ನೀವೇ ಬಂದುಬಿಡಿ' ಅಂದಳು."

"ಎಲ್ಲಿ ನೋಡಿದ್ದಂತೆ?"

"ಅದೇ ನೆನಪಿಲ್ಲವಂತೆ ಅವಳಿಗೆ!"

ಚಲುವರಾಯಪ್ಪ ಹಿತ್ತಲ ಕಡೆ ತಿರುಗಿದರು.

"ಒಂದು ಸಿನಿಮಾದಲ್ಲಿ ನಾನು ಕುದುರೆ ಲಾಯ ಕಾಯೋನು," ಎಂದರು. "ಆ ಸಿನಿಮಾ ಬಂದ ಹೊಸದರಲ್ಲಿ ಸಂತೆಗೆ ಹೋಗಿದ್ದೆ. ಯಾರೋ ಒಬ್ಬ ಒಂದು ಕುದುರೆ ಮರಿ ಎಳಕೊಂಡು ಬಂದ. ಕಾಲು ಮುರಿದಿತ್ತು. ನನ್ನ ಮುಖ ನೋಡಿದ. 'ಕುದುರೆ ನೋಡಿಕೊಳ್ಳೋನಲ್ವಾ ನೀನು? ಇದನ್ನ ಉಳಿಸು' ಅಂತ ಹಗ್ಗ ಕೈಗಿಟ್ಟು ಹೋದ. ಮತ್ತೆ ಬರಲಿಲ್ಲ."

"'ನಾನು ನಟ' ಅಂತ ನೀವು ಹೇಳಬಾರದಾಗಿತ್ತಾ?"

"ಹೇಳೋಕೆ ಬಾಯಿ ತೆರೆದೆ. ಆ ಮರಿ ನನ್ನ ಹೆಗಲ ಮೇಲೆ ತಲೆ ಇಟ್ಟಿತು."

"ಆಮೇಲೆ?"

"ಹುಲ್ಲು ಹಾಕಿದೆ."

ಪಾಲಾಕ್ಷ ಹುಣಸೆ ಮರದ ಕೆಳಗಿನ ಕುದುರೆಯನ್ನು ಮೊದಲ ಸಲ ನೋಡುವವನಂತೆ ನೋಡಿದ.

ಗುರುಗಳು ಎದ್ದು, ಸೂರಿನ ಸಂದಿಯಿಂದ ಕತ್ತಿ ತೆಗೆದು ಅವನ ಮುಂದೆ ಹಿಡಿದರು.

"ಚೆನ್ನಾಗಿ ಮಸೆದುಕೊಂಡು ಹೋಗು. ಕೂಸಿನ ನೆತ್ತಿ ಮೆತ್ತಗಿರುತ್ತೆ."