ಬರ್ತೀನಿ ಅಂದ ಮೇಲೆ

ನಿವೃತ್ತ ತಹಶೀಲ್ದಾರ್ ಗಂಗಾಧರಪ್ಪನವರ ವಸಡಿನಲ್ಲಿ ರಕ್ತ ಒಸರುತ್ತಿತ್ತು. ಮೂರು ತಿಂಗಳಿಗೊಮ್ಮೆ ಬಂದು ಕ್ಲೀನ್ ಮಾಡಿಸಿಕೊಳ್ಳದಿದ್ದರೆ ಹಲ್ಲು ಒಂದೊಂದಾಗಿ ಅಲುಗಾಡುತ್ತೆ ಅಂತ ಹಲ್ಲಿನ ಆಸ್ಪತ್ರೆಯ ಡಾಕ್ಟರು ಹೇಳಿದ್ದರು. ಆಮೇಲೆ ಒಂದು ವರ್ಷ ಗಂಗಾಧರಪ್ಪನವರ ಪತ್ತೆಯೇ ಇರಲಿಲ್ಲ. ಈಗ ಬಂದು ಚಿಕಿತ್ಸೆ ಮುಗಿಸಿಕೊಂಡು ಎದ್ದಾಗ, ಬಾಗಿಲ ಬಳಿ ಚೀಟಿ ಬರೆಯುವ ಹೆಂಗಸು ಮುಂದಿನ ತಾರೀಕು ಬರೆಯಲು ಹೋದಳು.

"ಮೂವತ್ತು ವರ್ಷ ಜನಕ್ಕೆ ತಾರೀಕು ಕೊಟ್ಟವನು ನಾನು," ಅಂದರು ಅವರು. "ನನಗೇ ತಾರೀಕು ಕೊಡ್ತೀಯಾ? ನೋವಾದಾಗ ನೋಡೋಣ."

ಈ ಕಾಯಿಲೆ ನೋವಿಲ್ಲದೆಯೇ ಹಲ್ಲು ಕಳೆಯುತ್ತೆ ಅಂತ ಅವಳಿಗೆ ಗೊತ್ತಿತ್ತು. ಹೋದ ಸಲ ಅವರು ಬರದಿದ್ದಕ್ಕೆ ಡಾಕ್ಟರ ಹತ್ತಿರ ಬೈಸಿಕೊಂಡವಳೂ ಅವಳೇ. ಆದರೂ ವಾದಕ್ಕೆ ನಿಲ್ಲಲಿಲ್ಲ.

"ಆಯ್ತು ಸಾರ್," ಅಂದಳು.

ಅವರು ಚಪ್ಪಲಿ ಮೆಟ್ಟಿಕೊಂಡು, ಅಭ್ಯಾಸದಂತೆ "ಬರ್ತೀನಮ್ಮ" ಅಂದರು.

ಅವಳು ಪೆನ್ನು ಎತ್ತಿಕೊಂಡಳು. "ಯಾವತ್ತು ಸಾರ್?"

"ಅದು ಹೊರಡೋವಾಗ ಎಲ್ಲರೂ ಹೇಳೋ ಮಾತು ಕಣಮ್ಮ."

"ತಹಶೀಲ್ದಾರ್ ಸಾಹೇಬರ ಮಾತಲ್ವಾ, ಬರ್ಕೊಳ್ಳೋಣ ಅಂತ."

ಗಂಗಾಧರಪ್ಪನವರಿಗೆ ರೇಗಿತು. "ಹಾಗಾದ್ರೆ ವಾಪಸ್ ತಗೊಂಡೆ. ನಾನು ಹೋಗ್ತೀನಿ."

ಪಕ್ಕದಲ್ಲಿದ್ದ ಹೆಂಡತಿ ಗಿರಿಜಮ್ಮ ಬೆಚ್ಚಿದರು. "ಬಿಡ್ತು ಅನ್ನಿ. ಆಸ್ಪತ್ರೆ ಬಾಗಿಲಲ್ಲಿ ನಿಂತು ಯಾರಾದ್ರೂ ಹೋಗ್ತೀನಿ ಅಂತಾರಾ? ಬರ್ತೀನಿ ಅನ್ನಿ."

ಅವರು ಹೊಸಿಲ ಕಡೆ ತಿರುಗಿದರು. ಗಿರಿಜಮ್ಮ ಕದಲಲಿಲ್ಲ. ಬೆಂಚಿನ ಮೇಲಿದ್ದ ರೋಗಿಗಳೆಲ್ಲ ಅವರ ಬಾಯನ್ನೇ ನೋಡುತ್ತಿದ್ದರು.

"ಬರ್ತೀನಿ," ಅಂದರು ಕೊನೆಗೆ, ಸಣ್ಣ ದನಿಯಲ್ಲಿ.

ಅವಳು ಚೀಟಿಯಿಂದ ತಲೆ ಎತ್ತಲಿಲ್ಲ. "ಬೆಳಿಗ್ಗೆನಾ, ಸಂಜೆನಾ ಸಾರ್?"