ಕುರಿಮರಿಯ ತೂಕ

"ಗುರುಗಳೇ, ಮನಸ್ಸು ಪೂರ್ತಿ ನಿಲ್ಲುವ ತನಕ ಕಾಯುವುದು ತಪ್ಪೇ?" ಎಂದು ಶಿಷ್ಯ ಕಲ್ಲಿನಾಥ ಕೇಳಿದ.

ಅವನ ಅಕ್ಕ ಬೆಳಿಗ್ಗೆಯೇ ಮಠಕ್ಕೆ ಬಂದು ದಾಸೋಹದ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು. ಅಪ್ಪ ತೀರಿಕೊಂಡ ಸುದ್ದಿಯನ್ನು, ಅಪ್ಪನನ್ನು ಮಣ್ಣು ಮಾಡಿದ ಮೇಲಷ್ಟೇ ತಿಳಿಸಿದಳೆಂದು ಅವನಿಗೆ ಅವಳ ಮೇಲೆ ಸಿಟ್ಟು. ಅದು ಬಹುಪಾಲು ಇಳಿದಿತ್ತು. ಉಳಿದ ಚೂರೂ ಹೋದ ಮೇಲೆಯೇ ಅವಳ ಮುಖ ನೋಡುತ್ತೇನೆಂದು ಹಟ ಹಿಡಿದಿದ್ದ. ಅವಳು ಸಂಜೆಯ ಬಸ್ಸಿಗೆ ಹೊರಡುವವಳು.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು:

ಒಬ್ಬ ವ್ಯಾಪಾರಿ ಕುರಿಗಳನ್ನು ತೂಗಲು ಕರೆಂಟಿನ ತೂಕದ ಯಂತ್ರ ಇಟ್ಟಿದ್ದ. ಹಲಗೆಯ ಮೇಲಿನದು ಎಷ್ಟು ಅಲುಗಿದರೆ ಸಹಿಸಬೇಕು ಎಂಬುದನ್ನು ಯಂತ್ರಕ್ಕೆ ಮೊದಲೇ ಹೇಳಿಡಬೇಕು. ಅದಕ್ಕಿಂತ ಹೆಚ್ಚು ಅಲುಗಿದರೆ ಅದು ತೂಕ ಹೇಳುವುದಿಲ್ಲ. ವ್ಯಾಪಾರಿ ಮೊದಲು ಸಡಿಲ ಬಿಟ್ಟಿದ್ದ. ಒಮ್ಮೆ ಟಗರೊಂದು ಹಲಗೆಯ ಮೇಲೆ ಕುಣಿಯಿತು, ಯಂತ್ರ ತಪ್ಪು ತೂಕ ತೋರಿಸಿತು, ಸಂತೆಯಲ್ಲಿ ಅವನ ಮಾನ ಹೋಯಿತು. ಹಾಲಿನಲ್ಲಿ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿದನಂತೆ. ಅವನು ಕೂದಲೆಳೆಯಷ್ಟು ಅಲುಗಿದರೂ ಒಪ್ಪದಂತೆ ಯಂತ್ರವನ್ನು ಬಿಗಿ ಮಾಡಿಬಿಟ್ಟ. ಕಲ್ಲು ಇಟ್ಟು ತೂಗಿ ನೋಡಿದ. ತೂಕ ಬಂಗಾರದಂತೆ ಬಂತು. ಬಂದವರಿಗೆಲ್ಲ ಅದನ್ನೇ ತೋರಿಸಿ ಬೀಗಿದ.

ಒಂದು ದಿನ ಕುರುಬರ ಹೆಂಗಸೊಬ್ಬಳು ಕಾಯಿಲೆಯ ಮರಿಯನ್ನು ಮಡಿಲಲ್ಲಿ ಎತ್ತಿಕೊಂಡು ಬಂದಳು. ಔಷಧಿಯನ್ನು ತೂಕ ನೋಡಿಯೇ ಕೊಡಬೇಕು, ಕಡಿಮೆಯಾದರೆ ನಾಟುವುದಿಲ್ಲ, ಹೆಚ್ಚಾದರೆ ಮರಿ ಉಳಿಯುವುದಿಲ್ಲ ಎಂದು ದನದ ಡಾಕ್ಟರು ಹೇಳಿ ಕಳಿಸಿದ್ದರು. ಮರಿಗೆ ನಿಲ್ಲುವ ತ್ರಾಣವಿರಲಿಲ್ಲ. ಹಲಗೆಯ ಮೇಲೆ ಮಲಗಿಸಿದರು. ಅಂಕಿಗಳು ಮೇಲೆ ಕೆಳಗೆ ಹೊಯ್ದಾಡಿದವೇ ಹೊರತು ನಿಲ್ಲಲಿಲ್ಲ. ವ್ಯಾಪಾರಿ ಕಾದ. ಹೆಂಗಸು ಮರಿಯ ಕಿವಿಯಲ್ಲಿ ಏನೇನೋ ಹೇಳಿ ರಮಿಸಿದಳು. ಆದರೂ ನಿಲ್ಲಲಿಲ್ಲ. ಅದು ಮಿಸುಕಾಡುವುದನ್ನು ಬಿಡಲಿ, ಆಮೇಲೆ ತೂಗೋಣ ಎಂದು ಅವನು ರೇಗಿದ.

"ಸಾವ್ಕಾರ್ರ, ಅದು ಮಿಸುಕಾಡಾಕ ಹತ್ತಿಲ್ರಿ. ಉಸಿರಾಡಾಕ ಹತ್ತೈತ್ರಿ" ಎಂದಳು ಅವಳು.

ವ್ಯಾಪಾರಿ ಬಗ್ಗಿ ಮರಿಯ ಪಕ್ಕೆಯ ಮೇಲೆ ಕೈಯಿಟ್ಟ. ಅಂಗೈಯ ಕೆಳಗೆ ಪಕ್ಕೆ ಮೆಲ್ಲಗೆ ಏಳುತ್ತಿತ್ತು, ಇಳಿಯುತ್ತಿತ್ತು. ಕೂಡಲೇ ಯಂತ್ರದ ಬಿಗಿಯನ್ನು ತುಸು ಸಡಿಲಿಸಿದ. ಟಗರು ಕುಣಿಯುವಷ್ಟಲ್ಲ, ಮರಿ ಉಸಿರಾಡುವಷ್ಟು. ಅಂಕಿಗಳು ನಿಂತವು. ಔಷಧಿ ಸಿಕ್ಕಿತು, ಮರಿ ಉಳಿಯಿತು.

ಗುರುಗಳು ಕತೆ ಮುಗಿಸಿದರು.

"ಹಾಗಾದರೆ ಅಲ್ಲಿಯ ತನಕ ಯಂತ್ರ ಕೆಟ್ಟಿತ್ತೇ?" ಎಂದು ಕಲ್ಲಿನಾಥ ಕೇಳಿದ.

"ಇಲ್ಲಪ್ಪ, ಮರಿ ಸತ್ತಿದ್ದರೆ ಅದೇ ಯಂತ್ರ ಆ ಕ್ಷಣವೇ ಸರಿಯಾದ ತೂಕ ಹೇಳುತ್ತಿತ್ತು" ಎಂದರು ಗುರುಗಳು.

ಕಲ್ಲಿನಾಥ ಎದ್ದು ದಾಸೋಹದ ಮನೆಯತ್ತ ನಡೆದ.